ಸ್ಟ್ಯಾಂಡ್‌ಬೈ ಕಾರ್ಡ್ ಇತ್ತು, ಆದರೆ ತಯಾರಿರಲಿಲ್ಲ

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಆಫೀಸಿನ ಮುಖ್ಯ ನೆಟ್‌ವರ್ಕ್ ಸ್ವಿಚ್‌ನಲ್ಲಿ ಅದನ್ನು ನಡೆಸುವ ಎರಡು ಸೂಪರ್‌ವೈಸರ್ ಕಾರ್ಡ್‌ಗಳಿವೆ. ಒಂದು ಕೆಟ್ಟರೆ ಇನ್ನೊಂದು ಇದೆಯಲ್ವಾ ಅಂತ ನೆಮ್ಮದಿಯಾಗಿದ್ದೆ. ಜೂನ್ ಮಳೆಯ ಒಂದು ಸಂಜೆ ಮೊದಲ ಕಾರ್ಡ್ ನಿಂತಿತು. ಎರಡನೆಯದು ಕೆಲಸ ವಹಿಸಿಕೊಂಡಿತು ನಿಜ, ಆದರೆ ಕೇಬಲ್ ಸಿಕ್ಕಿಸುವ ಎಲ್ಲ ಲೈನ್ ಕಾರ್ಡ್‌ಗಳೂ ಹೊಸದಾಗಿ ಬೂಟ್ ಆದವು. ಅಷ್ಟು ಹೊತ್ತು ಫೋನೂ ಇಲ್ಲ, ನೆಟ್ಟೂ ಇಲ್ಲ.

ಮೊದಲ ಕಾರ್ಡ್ ಸರಿಯಾಗಿ ಮತ್ತೆ ಆಕ್ಟಿವ್ ಆದ ಮೇಲೆ 'ಶೋ ರಿಡಂಡೆನ್ಸಿ ಸ್ಟೇಟ್ಸ್' ಕಮಾಂಡ್ ಹಾಕಿ ನೋಡಿದೆ. ಎರಡನೆಯದರ ಮುಂದೆ 'ಸ್ಟ್ಯಾಂಡ್‌ಬೈ ಕೋಲ್ಡ್' ಅಂತಿತ್ತು, ಅಂದರೆ ಪೂರ್ತಿ ತಯಾರಿಲ್ಲ. ಹಿಂದಿನ ಸಲ ಅಪ್‌ಗ್ರೇಡ್ ಮಾಡಿದಾಗ ಹೊಸ ಸಾಫ್ಟ್‌ವೇರ್ ಒಂದೇ ಕಾರ್ಡಿಗೆ ಹೋಗಿತ್ತು. ವರ್ಷನ್ ಬೇರೆಯಾದರೆ ಈ ಸ್ವಿಚ್ ಎಸ್‌ಎಸ್‌ಒ (ಎರಡನೇ ಕಾರ್ಡ್ ಪೂರ್ತಿ ತಯಾರಿರುವ ವಿಧಾನ) ಬಿಟ್ಟು ಆರ್‌ಪಿಆರ್‌ಗೆ (ಅರ್ಧ ತಯಾರಿಯ ವಿಧಾನ) ಇಳಿಯುತ್ತದೆ. ಆಗ ಸ್ಟಾರ್ಟಪ್ ಕಾನ್ಫಿಗ್ (ಉಳಿಸಿಟ್ಟ ಸೆಟ್ಟಿಂಗ್) ಸಿಂಕ್ ಆಗುತ್ತದೆ, ಪೋರ್ಟ್‌ಗಳ ಸ್ಥಿತಿ ಆಗುವುದಿಲ್ಲ.

ಮೊದಲ ಕಾರ್ಡಿನ ಇಮೇಜನ್ನೇ (ಸಾಫ್ಟ್‌ವೇರ್ ಫೈಲ್) ಸ್ಟ್ಯಾಂಡ್‌ಬೈ ಫ್ಲ್ಯಾಶ್‌ಗೆ ಕಾಪಿ ಮಾಡಿದೆ. ಫೈಲ್ ಕೆಟ್ಟಿಲ್ಲ ಅಂತ ತಿಳಿಯಲು ಎಂಡಿ5 ಮೊತ್ತ ತಾಳೆ ನೋಡಿದೆ, ಇದನ್ನು ಮಾತ್ರ ಬಿಡಬೇಡಿ. ಯಾವ ಇಮೇಜಿನಿಂದ ಶುರುವಾಗಬೇಕು ಅನ್ನುವ ಬೂಟ್ ಸಾಲು ತಿದ್ದಿ, ಸೇವ್ ಮಾಡಿ, ಸ್ಟ್ಯಾಂಡ್‌ಬೈ ಒಂದನ್ನೇ ರೀಲೋಡ್ ಕೊಟ್ಟೆ. 'ಸ್ಟ್ಯಾಂಡ್‌ಬೈ ಹಾಟ್' ಅಂತ ಬಂದಾಗ ಜೀವ ಬಂದ ಹಾಗಾಯ್ತು.

ಅಷ್ಟಕ್ಕೇ ನಂಬಲಿಲ್ಲ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್‌ನಲ್ಲಿ ನೆಟ್ ಇದೆಯಾ ಅಂತ ಕೇಳುತ್ತಲೇ ಇರುವ ಪಿಂಗ್ ಓಡಿಸಿಟ್ಟು, ಬೇಕಂತಲೇ ಎರಡನೇ ಕಾರ್ಡಿಗೆ ಸ್ವಿಚ್‌ಓವರ್ ಮಾಡಿಸಿದೆ. ಒಂದೇ ಒಂದು ಸಾಲು 'ಟೈಮ್ಡ್ ಔಟ್' ಅಂತ ಬಂತು, ಮುಂದಿನದು ಮಾಮೂಲಿ ಉತ್ತರ. ಪಕ್ಕದಲ್ಲಿದ್ದ ಹುಡುಗ ಕೇಳಿದ, "ಕಾರ್ಡ್ ಬದಲಾಯ್ತಾ ಸರ್?"