ಯೆಜ್ಡಿ ಮಡ್‌ಗಾರ್ಡಿನ ಬಿಳಿ ಮಬ್ಬು ಹೋದದ್ದು ಹೀಗೆ
ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ ಹಳೆಯ ಯೆಜ್ಡಿ ಬೈಕಿನ ಮಡ್‌ಗಾರ್ಡಿಗೆ ಹೊಡೆದ ಕಪ್ಪು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿನ ಮೇಲೆ ಹತ್ತೇ ನಿಮಿಷದಲ್ಲಿ ಹಾಲು ಚೆಲ್ಲಿದಂಥ ಮಬ್ಬು ಕೂತಿತು. ತಪ್ಪು ಪೇಂಟಿನದಲ್ಲ. ಪೇಂಟ್ ತೆಳುವಾಗಿಸಲು ಬೆರೆಸುವ ಥಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಇಳಿದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪಾಲಿಶ್ ಉಜ್ಜಿ ಉಪಯೋಗವಾಗಲಿಲ್ಲ.

ಮಳೆ ಬಿಟ್ಟ ಮಧ್ಯಾಹ್ನ ಮಡ್‌ಗಾರ್ಡನ್ನು ಅರ್ಧ ತಾಸು ಬಿಸಿಲಿಗಿಟ್ಟು, ಕೈಗೆ ಬೆಚ್ಚಗಾದ ಮೇಲೆ ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರನ್ನಷ್ಟೇ ಮಂಜಿನಂತೆ ಒಂದು ಕೈ ಹೊಡೆದೆ. ಪೇಂಟ್ ಮೆತ್ತಗಾಗಿ ತೇವ ಬಿಟ್ಟಿತು, ಮುಕ್ಕಾಲು ಭಾಗ ಕಪ್ಪು ಮರಳಿತು. ಅಂಚಿನಲ್ಲಿ ಉಳಿದದ್ದಕ್ಕೆ 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪು ಮರಳು ಕಾಗದ), ಒಂದು ದಿನ ಒಣಗಲು ಬಿಡುವು. ಆಮೇಲೆ ಥಿನ್ನರಿಗೆ ನೂರಕ್ಕೆ ಹತ್ತು ಭಾಗ ರಿಟಾರ್ಡರ್ ಬೆರೆಸಿ ಎರಡು ತೆಳು ಕೋಟ್, ನಡುವೆ 20 ನಿಮಿಷ. ದಪ್ಪ ಹೊಡೆದರೆ ಪೇಂಟ್ ಕೆಳಗಿಳಿದು ಗೆರೆ ಬೀಳುವುದು ಖಂಡಿತ. ಸ್ಪ್ರೇಗೆ ಗಾಳಿ ಕೊಡುವ ಕಂಪ್ರೆಸರಿನ ತಳದಲ್ಲಿ ನಿಂತ ನೀರನ್ನೂ ಮೊದಲೇ ಹೊರಬಿಡಿ.

ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಎನ್‌ಸಿ ಬೇಡ, ಚೆಲ್ಲಿದ ಪೆಟ್ರೋಲು ಅದನ್ನು ಕೆಡಿಸುತ್ತದೆ. ಅಲ್ಲಿಗೆ ಟೂ-ಕೆ ಪಿಯು (ಹಾರ್ಡನರ್ ಬೆರೆಸಿ ಗಟ್ಟಿಯಾಗಿಸುವ ಪಾಲಿಯುರೆಥೇನ್ ಪೇಂಟ್) ಸರಿ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರುತ್ತದೆ, ಶ್ವಾಸಕ್ಕೆ ಬಟ್ಟೆ ಮಾಸ್ಕ್ ಏನೇನೂ ಸಾಲದು.