ಮಕ್ಕಳ ವಾರ್ಡಿನಲ್ಲಿ ಡ್ಯೂಟಿ ಮಾಡುವವರು ತಮಗೆ ಕೋವಿಡ್‌ನಂಥ ಸೋಂಕು ತಗುಲದಂತೆ ನೋಡಿಕೊಳ್ಳುವುದು ಹೇಗೆ?

ದೊಡ್ಡವರಿಗಾದರೆ ಮಾಸ್ಕ್ ಹಾಕಿಕೊಳ್ಳಿ ಎನ್ನಬಹುದು. ಎರಡು ವರ್ಷದ ಮಗುವಿಗೆ ಹೇಳೋಕಾಗುತ್ತಾ? ಅದು ಅಳುತ್ತದೆ, ನಮ್ಮ ಮುಖಕ್ಕೇ ಕೆಮ್ಮುತ್ತದೆ. 5 ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಬೇಡ ಎಂದೇ ಕೋವಿಡ್ ಸಮಯದಲ್ಲಿ, 2021ರಲ್ಲಿ, ಕೇಂದ್ರದ ಮಾರ್ಗಸೂಚಿ ಹೇಳಿತ್ತು. ಹಾಗಾಗಿ ಎಚ್ಚರವೆಲ್ಲ ನಮ್ಮ ಕಡೆಯಿಂದಲೇ ಇರಬೇಕು.

ಮೊದಲು ಎನ್95, ಅಂದರೆ ಗಾಳಿಯಲ್ಲಿನ ಸಣ್ಣ ಕಣಗಳನ್ನೂ ಸೋಸುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್. ಮೇಲಿನ ಪಟ್ಟಿ ನೆತ್ತಿಗೆ, ಕೆಳಗಿನದು ಕತ್ತಿಗೆ. ಮೂಗಿನ ತಂತಿಯನ್ನು ಎರಡೂ ಕೈಬೆರಳಿಂದ ಒತ್ತಿ, ಜೋರಾಗಿ ಉಸಿರು ಬಿಡಿ. ಕಣ್ಣಿನ ಹತ್ತಿರ ಗಾಳಿ ತಾಗಿದರೆ ಅದು ಸರಿಯಾಗಿ ಕೂತಿಲ್ಲ. ಗಡ್ಡ ಇದ್ದರಂತೂ ಕೂರುವುದೇ ಇಲ್ಲ.

ಜಾಸ್ತಿ ಅಪಾಯ ಐವಿ ಹಾಕುವಾಗ, ಅಂದರೆ ಔಷಧಿ ಕೊಡಲು ರಕ್ತನಾಳಕ್ಕೆ ಸೂಜಿ ಹಾಕುವಾಗ. ಮಗು ಒದ್ದಾಡುತ್ತದೆ, ಪುಟ್ಟ ಕೈ ನೇರ ನಮ್ಮ ಮಾಸ್ಕಿಗೇ ಬರುತ್ತದೆ. ಸೂಜಿ ಚುಚ್ಚಬೇಕಾದ ಕೈಯೊಂದನ್ನು ಬಿಟ್ಟು ಉಳಿದದ್ದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗುವಿನ ಮುಖ ಅಮ್ಮನ ಭುಜದ ಕಡೆ ಇರುವಂತೆ ಕೂರಿಸಿ, ಕೈ ಹಿಡಿಯಲು ಇನ್ನೊಬ್ಬರನ್ನು ಕರೆಯಿರಿ. ಮಗುವಿಗೂ ಅಮ್ಮನ ಮಡಿಲೇ ಧೈರ್ಯ, ಅಲ್ವಾ? ಮಾಸ್ಕ್ ಜಾರಿದರೆ ಅದೇ ಗ್ಲೌಸಿನಲ್ಲಿ ಸರಿ ಮಾಡಿಕೊಳ್ಳಬೇಡಿ. ಹೊರಗೆ ಬಂದು, ಗ್ಲೌಸ್ ತೆಗೆದು, ಕೈ ಶುದ್ಧ ಮಾಡಿಕೊಂಡು ಹೊಸ ಮಾಸ್ಕ್ ಹಾಕಿಕೊಳ್ಳಿ.

ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಯಂತ್ರದಿಂದ ವೈರಸ್ ಗಾಳಿಗೆ ಹರಡಬಹುದು. ಉಬ್ಬಸದ ಮಕ್ಕಳಿಗೆ ಆದಷ್ಟೂ ಅದರ ಬದಲು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಇಟ್ಟು ಇನ್ಹೇಲರ್ ಕೊಡಲು ಡಾಕ್ಟರನ್ನು ಕೇಳಿ. ನೆಬ್ಯುಲೈಸರ್ ಬೇಕೇ ಬೇಕಾದರೆ ಕಿಟಕಿ ತೆಗೆದಿಡಿ, ಕೋಣೆಯಲ್ಲಿ ಸುಮ್ನೆ ಜನ ನಿಲ್ಲಬಾರದು.

ಅಮ್ಮನನ್ನು ಮರೆಯಬೇಡಿ. ಸೋಂಕು ಮಗುವಿಗಿಂತ ಮೊದಲು ಅವರಿಗೇ ಬಂದಿರಬಹುದು. ಮಗುವಿನ ಜೊತೆ ಒಬ್ಬರೇ ಇರಲಿ, ದಿನಾ ಬದಲಾಗುವುದು ಬೇಡ. ಅವರಿಗೂ ಮಾಸ್ಕ್ ಕೊಡಿ, ಜ್ವರ ಇದೆಯಾ ಅಂತ ದಿನವೂ ಕೇಳಿ.

ಮಲದಲ್ಲೂ ವೈರಸ್ ಇರಬಹುದು. ಡಯಪರ್ ಬದಲಿಸಿದ ಮೇಲೆ ಗ್ಲೌಸ್ ಬಿಚ್ಚಿ, ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡ್ ಕೈ ತೊಳೆಯಿರಿ. ಭೇದಿ ತರುವ ಕೆಲವು ವೈರಸ್‌ಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ತೊಳೆಯಲಾಗದ ಬಟ್ಟೆ ಗೊಂಬೆಗಳನ್ನು ಒಂದು ಮಗುವಿನಿಂದ ಇನ್ನೊಂದಕ್ಕೆ ಕೊಡಬೇಡಿ.

ಮೈಮೇಲಿನ ರಕ್ಷಣಾ ಕಿಟ್ (ಪಿಪಿಇ) ಬಿಚ್ಚುವಾಗ ಅವಸರ ಬೇಡ. ಮೊದಲು ಗ್ಲೌಸ್, ಆಮೇಲೆ ಗೌನ್, ನಂತರ ಕಣ್ಣು ಕಾಯುವ ಕನ್ನಡಕ. ಮಾಸ್ಕ್ ಕೊನೆಗೆ, ಅದೂ ಕೋಣೆಯಿಂದ ಹೊರಬಂದ ಮೇಲೆ. ಒಂದೊಂದು ತೆಗೆದಾಗಲೂ ಕೈಗೆ ಸ್ಯಾನಿಟೈಸರ್. ಹನ್ನೆರಡು ತಾಸು ದುಡಿದು ಬೆವರಿ ನಿಂತಾಗ ಕೈ ತಾನಾಗಿಯೇ ಮುಖಕ್ಕೆ ಹೋಗುತ್ತದೆ, ಅದಕ್ಕೇ ಎದುರಿಗೆ ನೋಡಿ ಹೇಳುವವರು ಒಬ್ಬರು ಇರಬೇಕು.

ಇನ್ನು ಊಟದ ಕೋಣೆ. ವಾರ್ಡಿನಲ್ಲಿ ಅಷ್ಟು ಜೋಪಾನವಾಗಿದ್ದ ನಾವು ನಾಲ್ವರು ಒಂದು ದಿನ ಮಾಸ್ಕ್ ತೆಗೆದು, ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿಂದೆವು. ಕಿಟಕಿ ಮುಚ್ಚಿತ್ತು. ವಾರದೊಳಗೆ ಮೂವರಿಗೆ ಕೋವಿಡ್ ಪಾಸಿಟಿವ್. ಸರದಿಯಲ್ಲಿ ತಿನ್ನಿ, ದೂರ ಕೂರಿ, ಮಾತು ಮಾಸ್ಕ್ ಹಾಕಿದ ಮೇಲೆ ಆಡಿ. ಗಂಟಲು ಕೆರೆದರೂ ಮುಚ್ಚಿಡಬೇಡಿ, ಹೇಳಿ ಮನೆಯಲ್ಲೇ ಇರಿ. ಹಾಗೆ ರಜೆ ಹಾಕಿದವರ ಸಂಬಳ ಹಿಡಿಯಬೇಡಿ ಎಂದು ಆಡಳಿತದವರನ್ನು ಕೈಮುಗಿದು ಕೇಳುತ್ತೇನೆ.

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದಾಗ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮೊದಲು ಚುಚ್ಚಿಸಿಕೊಂಡವರು ಒಬ್ಬ ಸ್ವಚ್ಛತಾ ಕಾರ್ಮಿಕರು. ಎನ್95 ಹಂಚುವಾಗಲೂ ಅದೇ ನ್ಯಾಯ ಇರಲಿ. ಡಯಪರ್ ಬಕೆಟ್ ಎತ್ತುವ ಆಯಾಗೂ ಡಾಕ್ಟರಿಗೆ ಕೊಟ್ಟ ಮಾಸ್ಕನ್ನೇ ಕೊಡಿ, ಹಾಕಿಕೊಳ್ಳುವುದನ್ನು ಪಕ್ಕದಲ್ಲಿ ನಿಂತು ತೋರಿಸಿಕೊಡಿ.