ಕೆಲಸದ ಪ್ರಯಾಣಕ್ಕೆ ಮನೆಯವರನ್ನೂ ಕರೆದೊಯ್ದಾಗ: ಕಾಠ್ಮಂಡುವಿನ ಆರು ದಿನ

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸರ್ವಿಸ್ ಎಂಜಿನಿಯರ್. 2025ರ ಆಗಸ್ಟ್ ಕೊನೆಯಲ್ಲಿ ನೇಪಾಳದ ಪೊಖರಾ ಸಮೀಪದ ಸಣ್ಣ ಜಲವಿದ್ಯುತ್ ಘಟಕವೊಂದರಿಂದ, ನೀರಿನ ಗೇಟ್ ಎತ್ತುವ ಸಿಲಿಂಡರಿನಲ್ಲಿ ಎಣ್ಣೆ ತಡೆಯುವ ಸೀಲ್ ಸೋರುತ್ತಿದೆ ಎಂದು ಕರೆ ಬಂತು. ಕಾಠ್ಮಂಡುವಿನ ಪಶುಪತಿನಾಥನ ದರ್ಶನ ಅವ್ವನ ಬಹುದಿನದ ಆಸೆಯಾಗಿತ್ತು. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದವರೆಂದು ಕೇಳಿದಂದಿನಿಂದ ಅದು ಇನ್ನೂ ಬಲವಾಗಿತ್ತು. ಹೆಂಡತಿ, 12 ವರ್ಷದ ಮಗಳು ಮತ್ತು ಅವ್ವನನ್ನು ಜೊತೆಗೆ ಕರೆದೊಯ್ದು, ದರ್ಶನ ಮುಗಿದ ಮೇಲೆ ನಾನೊಬ್ಬನೇ ಪೊಖರಾಕ್ಕೆ ಹೋಗಿಬರುವುದೆಂದು ನಿಶ್ಚಯಿಸಿದೆ.

ಸೆಪ್ಟೆಂಬರ್ 4ರಂದು ನೇಪಾಳ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿತು. ನಾವು ಹೊರಡಲು ಎರಡೇ ದಿನವಿತ್ತು. ಅದನ್ನು ಬರೀ ಇಂಟರ್ನೆಟ್ಟಿನ ತೊಂದರೆಯೆಂದು ತಿಳಿದು ಮುಂದುವರಿದದ್ದು ನನ್ನ ಮೊದಲ ತಪ್ಪು. ನಾನು ಒಬ್ಬನೇ ಹೋಗುವವನಾಗಿದ್ದರೆ ಅಷ್ಟು ಯೋಚನೆ ಸಾಕಿತ್ತು. 68 ವರ್ಷದ ಅವ್ವ ಜೊತೆಗಿರುವಾಗ, ಸಿಟ್ಟಿಗೆದ್ದ ಯುವಜನರು ಬೀದಿಗಿಳಿದರೆ ಏನು ಗತಿ ಎಂದು ಕೇಳಿಕೊಳ್ಳಬೇಕಿತ್ತು.

ಆದರೆ ಕೆಲವು ಸಿದ್ಧತೆಗಳನ್ನು ಸರಿಯಾಗಿ ಮಾಡಿದ್ದೆ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಆದರೂ ನಾಲ್ವರಿಗೂ ಪಾಸ್‌ಪೋರ್ಟ್ ಒಯ್ದೆ. ಆಗ ಅಲ್ಲಿ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ಅನುಮತಿಯಿರಲಿಲ್ಲವಾದ್ದರಿಂದ ನೂರರ ಎರಡು ಕಟ್ಟುಗಳನ್ನು ಬ್ಯಾಂಕಿನಿಂದ ತಂದಿದ್ದೆ. ನಮ್ಮ 100 ರೂಪಾಯಿಗೆ ಅಲ್ಲಿ 160 ರೂಪಾಯಿ ಎಂಬುದು ಸ್ಥಿರ ದರ, ಲೆಕ್ಕಕ್ಕೆ ತೊಡಕಿಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು, ಮನೆಯವರ ಟಿಕೆಟ್ಟನ್ನು ನನ್ನ ಕಂಪನಿಯ ಟಿಕೆಟ್ಟಿನಿಂದ ಬೇರೆಯಾಗಿ ಬುಕ್ ಮಾಡಿದ್ದು. ನನ್ನ ಕೆಲಸ ಮುಂದಕ್ಕೆ ಹೋದರೂ ನಿಂತರೂ ಅವರು ಮರಳುವುದಕ್ಕೆ ಅಡ್ಡಿಯಾಗಬಾರದು ಎಂಬುದೇ ನನ್ನ ಲೆಕ್ಕವಾಗಿತ್ತು. ವಿಮೆಯ ವಿಷಯವನ್ನೂ ಹೇಳಬೇಕು: ಕಂಪನಿಯ ಪಾಲಿಸಿ ನನಗೆ ಮಾತ್ರ ಅನ್ವಯಿಸುತ್ತಿತ್ತು, ಮನೆಯವರಿಗಾಗಿ ಕೊಂಡ ಪಾಲಿಸಿಯಲ್ಲಿ ದಂಗೆಯಿಂದಾದ ನಷ್ಟಕ್ಕೆ ಪರಿಹಾರವಿಲ್ಲವೆಂದು ಸಣ್ಣ ಅಕ್ಷರಗಳಲ್ಲಿತ್ತು. ಅದನ್ನು ಹೊರಡುವ ಮೊದಲೇ ಓದಬೇಕು.

7ರ ರಾತ್ರಿ ಚಂದ್ರಗ್ರಹಣವಿದ್ದುದರಿಂದ ಬೆಳಿಗ್ಗೆಯೇ ದರ್ಶನ ಮುಗಿಸಿದೆವು. ಮರುದಿನ, ಸೋಮವಾರ, ಮನೆಯವರನ್ನು ಗೌಶಾಲಾ ಬಡಾವಣೆಯ ವಸತಿಗೃಹದಲ್ಲಿ ಬಿಟ್ಟು, ಘಟಕದವರ ಕಚೇರಿಗೆಂದು ನಯಾ ಬಾನೇಶ್ವರಕ್ಕೆ ಹೋದೆ. ವಿಮಾನ ನಿಲ್ದಾಣ ಹತ್ತಿರವೆಂದು ಗೌಶಾಲಾ ಆರಿಸಿದ್ದ ನಾನು, ಸಂಸತ್ ಭವನವೂ ಅಷ್ಟೇ ಹತ್ತಿರದಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ನೋಡಿರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ, ನಿಷೇಧದ ವಿರುದ್ಧ ಯುವಜನರು ಪ್ರತಿಭಟಿಸುತ್ತಿದ್ದ ಸಂಸತ್ತಿನ ಮುಂದೆ ಗುಂಡಿನ ಸದ್ದು ಕೇಳಿಸಿತು, ಕರ್ಫ್ಯೂ ಜಾರಿಯಾಯಿತು. ಶಾಲಾ ಸಮವಸ್ತ್ರದಲ್ಲಿದ್ದ ಹುಡುಗರು ಕಣ್ಣೊರೆಸಿಕೊಳ್ಳುತ್ತ ಓಡಿಬರುತ್ತಿದ್ದರು. ಒಬ್ಬ ಹುಡುಗನ ಒಂದು ಕಾಲಿನಲ್ಲಿ ಮಾತ್ರ ಬೂಟಿತ್ತು. ಹಳೆಯ ಬಾನೇಶ್ವರದ ಒಳಗಲ್ಲಿಗಳಲ್ಲಿ, ಅಂಗಡಿಯವರನ್ನು ಕೇಳುತ್ತ, ಒದ್ದೆ ಕರವಸ್ತ್ರ ಮುಖಕ್ಕೆ ಹಿಡಿದು ನಡೆದೇ ಬಂದೆ. ವಸತಿಗೃಹದ ವೈಫೈನಲ್ಲಿ ವಾಟ್ಸ್‌ಆ್ಯಪ್ ತೆರೆಯುತ್ತಿರಲಿಲ್ಲ. ಸ್ಥಳೀಯ ಸಿಮ್ ಇದ್ದದ್ದು ನನ್ನೊಬ್ಬನ ಫೋನಿನಲ್ಲಿ. ಸುಮಾರು ಎರಡು ತಾಸು ನನ್ನ ಸುದ್ದಿಯಿಲ್ಲದೆ ಅವರು ಮೆಟ್ಟಿಲ ಮೇಲೆ ಕೂತಿದ್ದರು. "ಎರಡು ಸಿಮ್ ತಗೊಂಡಿದ್ರ ಏನ್ ಆಗ್ತಿತ್ರಿ?" ಎಂದು ಹೆಂಡತಿ ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಆ ದಿನ 19 ಜನ ಸತ್ತರು.

ಸಂಜೆ ಘಟಕದವರು ಫೋನ್ ಮಾಡಿ, ಪೊಖರಾ ರಸ್ತೆ ತೆರೆದಿದೆ, ನಸುಕಿನಲ್ಲಿ ಜೀಪು ಕಳಿಸುತ್ತೇವೆ ಎಂದರು. ಮಳೆಗಾಲದಲ್ಲಿ ಗೇಟ್ ಕೈಕೊಟ್ಟರೆ ಅವರಿಗೆ ಏನಾಗುತ್ತದೆಂದು ಬಲ್ಲವನಾದ್ದರಿಂದ, ಇಲ್ಲವೆನ್ನುವುದು ಸುಲಭವಿರಲಿಲ್ಲ. ಆದರೆ ಮನೆಯವರಿರುವ ಊರಿನಲ್ಲಿ ಕರ್ಫ್ಯೂ ಬಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂದು ಹೊರಡುವ ಮುನ್ನವೇ ನಮ್ಮ ಮಾಲೀಕರಿಗೆ ಬರೆದು ಕೊಟ್ಟಿದ್ದೆ. "ಮೊದಲ ಮನೀ ಮಂದೀನ್ನ ನೋಡ್ರಿ, ಸೀಲ್ ಆಮೇಲೆ ಹಾಕೋಣಂತ" ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಆ ಒಪ್ಪಂದ ಮೊದಲೇ ಆಗಿರದಿದ್ದರೆ ನಾನು ಜೀಪು ಹತ್ತಿಬಿಡುತ್ತಿದ್ದೆನೇನೋ.

9ರಂದು ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಸಂಸತ್ ಭವನಕ್ಕೂ ಸರ್ಕಾರದ ಆಡಳಿತ ಕಚೇರಿಗಳಿರುವ ಸಿಂಹ ದರ್ಬಾರಿಗೂ ಬೆಂಕಿ ಬಿತ್ತು. ನಮ್ಮ ಕಿಟಕಿಯ ಸರಳುಗಳ ಮೇಲೆ ಕಪ್ಪು ಬೂದಿ ಕೂತಿತ್ತು. ವಿಮಾನ ನಿಲ್ದಾಣ ಮುಚ್ಚಿತು, ರಾತ್ರಿ ಸೇನೆ ಇಳಿಯಿತು. ಗಡಿಯವರೆಗೆ ಟ್ಯಾಕ್ಸಿ ಮಾಡಿಕೊಂಡು ಹೋಗೋಣವೆಂದು ಪಕ್ಕದ ಕೋಣೆಯವರು ಕರೆದರು. ಬೆಟ್ಟದ ದಾರಿಯಲ್ಲಿ ತಾಸುಗಟ್ಟಲೆ ಸಿಕ್ಕಿಕೊಳ್ಳುವುದಕ್ಕಿಂತ ಗೋಡೆಗಳ ನಡುವೆ ಇರುವುದೇ ಮೇಲೆಂದು ನಾನು ಒಪ್ಪಲಿಲ್ಲ, ಆ ನಿರ್ಧಾರ ಸರಿಯಾಗಿತ್ತೆಂದು ಈಗಲೂ ನಂಬಿದ್ದೇನೆ. ಅಂದು ರಾತ್ರಿ ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ಒಂದು ಚೀಟಿಯಿಟ್ಟೆ: ವಸತಿಗೃಹದ ವಿಳಾಸ, ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ, ಅಜ್ಜಿಯ ಬಿಪಿ ಮಾತ್ರೆಯ ಹೆಸರು. ಎಟಿಎಂಗಳು ಸಿಗದ ಆ ಎರಡು ದಿನ ಅನ್ನ, ಹಾಲು, ಮಾತ್ರೆ ಎಲ್ಲವೂ ನೂರರ ನೋಟುಗಳಿಂದಲೇ ನಡೆದವು.

10ರ ಸಂಜೆ ನಿಲ್ದಾಣ ತೆರೆಯಿತು. ವಿಮಾನ ಸಂಸ್ಥೆ ದಿನಾಂಕ ಬದಲಿಸಿಕೊಟ್ಟಿತು. ಟಿಕೆಟ್ಟಿನ ಮುದ್ರಿತ ಪ್ರತಿಯನ್ನು ಸೈನಿಕರಿಗೆ ತೋರಿಸುತ್ತ, ಅವ್ವನ ಕೈ ಹಿಡಿದು 11ರಂದು ನಿಲ್ದಾಣಕ್ಕೆ ನಡೆದು ಹೋದೆವು. ದೆಹಲಿ ಮಾರ್ಗವಾಗಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸೀಲ್ ಕಿಟ್ ನನ್ನ ಚೀಲದಲ್ಲಿ ಬಿಚ್ಚದೆ ಹಾಗೆಯೇ ಇತ್ತು.

ನವೆಂಬರಿನಲ್ಲಿ ಒಬ್ಬನೇ ಹೋಗಿ ಅದನ್ನು ಹಾಕಿಬಂದೆ. ಅಲ್ಲಿಯವರೆಗೆ ಘಟಕದವರು ದಿನವೂ ಎಣ್ಣೆ ತುಂಬುತ್ತ, ಕೈಪಂಪಿನಿಂದಲೇ ಗೇಟ್ ಎತ್ತಿ ನಿಭಾಯಿಸಿದ್ದರು.